ಹಳೆಯ ಪಿಎಸ್ ವಿಆರ್2 ಕೊಳ್ಳುವ ಮುಂಚೆ ಬಿಳಿ ಪರದೆ ಹಾಕಿಸಿ ನೋಡಿ

ಸೋನಿಯ ಗೇಮ್ ಯಂತ್ರ ಪಿಎಸ್5 (ಪ್ಲೇಸ್ಟೇಷನ್ 5) ಇಟ್ಟುಕೊಂಡಿರುವ ಗೆಳೆಯರಲ್ಲಿ ಹಲವರು ಈಗ, ಕಣ್ಣಿಗೆ ಹಾಕಿಕೊಂಡರೆ ಆಟದೊಳಗೇ ಇದ್ದಂತೆ ತೋರಿಸುವ ಅದರ ವಿಆರ್ (ವರ್ಚುವಲ್ ರಿಯಾಲಿಟಿ) ಸಾಧನ ಪಿಎಸ್ ವಿಆರ್2 ಹೆಡ್‌ಸೆಟ್ ತಗೊಳ್ಳಲಾ ಎಂದು ಕೇಳುತ್ತಿದ್ದಾರೆ. ಅಮೆರಿಕದಲ್ಲಿ 2023ರ ಫೆಬ್ರವರಿಯಲ್ಲಿ ಬಂದಾಗ ಅದರ ಬೆಲೆ 550 ಡಾಲರ್. 2025ರ ಮಾರ್ಚ್‌ನಲ್ಲಿ 400ಕ್ಕೆ ಇಳಿಯಿತು. ನಮ್ಮಲ್ಲಿ ಮೊದಮೊದಲು ಸುಮಾರು 58 ಸಾವಿರ ರೂಪಾಯಿ ಇತ್ತು. ಅಷ್ಟು ಕೊಡಲಾಗದವರು ಸಹಜವಾಗಿ ಸೆಕೆಂಡ್ ಹ್ಯಾಂಡ್ ಹುಡುಕುತ್ತಾರೆ. ನಾನೂ ಹಾಗೇ ತಗೊಂಡೆ. ನನಗೆ ಸಿಕ್ಕಿದ್ದು ಪರದೆ ಸುಟ್ಟಿದ್ದ ಹೆಡ್‌ಸೆಟ್. ನಿಮಗೆ ಹಾಗಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಮಾರಿದವರು ಬೆಂಗಳೂರಿನಲ್ಲಿ ಹಳೆಯ ಗೇಮ್ ಸಾಮಾನು ಕೊಂಡು ಮಾರುವವರು. ಅದೇ ಅವರ ಕಸುಬು. ಅಂದರೆ ಯಾವುದು ಕೆಟ್ಟಿದೆ, ಯಾವುದು ಸರಿ ಇದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ತೋರಿಸುವಾಗ ಹಾಕಿದ್ದು ರೆಸಿಡೆಂಟ್ ಈವಿಲ್ ವಿಲೇಜ್ ಎಂಬ ಭಯದ ಆಟ. ಅದರಲ್ಲಿ ಕತ್ತಲ ಜಾಗವೇ ಜಾಸ್ತಿ. ಈ ಹೆಡ್‌ಸೆಟ್‌ನದು ಒಎಲ್‌ಇಡಿ ಪರದೆ. ಚಿತ್ರದಲ್ಲಿ ಕಪ್ಪು ಇರುವ ಕಡೆ ಪರದೆ ಬೆಳಗುವುದೇ ಇಲ್ಲ. ಹಾಗಾಗಿ ಕತ್ತಲೆಯ ಆಟದಲ್ಲಿ ಸುಟ್ಟ ಕಲೆ ಕಣ್ಣಿಗೆ ಬೀಳುವುದಿಲ್ಲ.

ಮನೆಗೆ ಬಂದು ಗ್ರಾನ್ ಟುರಿಸ್ಮೊ 7 ಹಾಕಿದೆ. ಹಗಲಿನ ರೇಸು, ತಿಳಿ ಆಕಾಶ. ಎಡಗಣ್ಣಿನ ಕಡೆ ಕಂದು ಬಣ್ಣದ ಚುಕ್ಕೆ ಕಾಣಿಸಿತು, ಪಕ್ಕದಲ್ಲೇ ಸಣ್ಣ ಗೆರೆ. ತಲೆ ಯಾವ ಕಡೆ ತಿರುಗಿಸಿದರೂ ಅದು ಜೊತೆಗೇ ಬರುತ್ತಿತ್ತು. ಫೋನ್ ಮಾಡಿದರೆ, "ಅದು ಲೆನ್ಸ್ ಮೇಲಿನ ಧೂಳು ಸರ್, ಬಟ್ಟೆಯಲ್ಲಿ ಒರೆಸಿ, ಹೋಗುತ್ತೆ" ಎಂದರು. ಒರೆಸಿದೆ, ಹೋಗಲಿಲ್ಲ. ಮತ್ತೆ ಫೋನ್ ಮಾಡಿದಾಗ ಎತ್ತಲಿಲ್ಲ. ರಸೀದಿ ಕೊಡುವ ವ್ಯವಹಾರವೇ ಅಲ್ಲಿರಲಿಲ್ಲ.

ಅದು ಬಿಸಿಲಿನಿಂದ ಆದ ಸುಟ್ಟ ಕಲೆ. ಹೆಡ್‌ಸೆಟ್ ಒಳಗೆ ಒಂದೊಂದು ಕಣ್ಣಿಗೂ ಒಂದೊಂದು ಲೆನ್ಸ್ ಇದೆ. ಒಳಗಿನ ಪುಟ್ಟ ಪರದೆಯನ್ನು ದೊಡ್ಡದಾಗಿ ತೋರಿಸುವುದು ಅದೇ. ಆದರೆ ಬಿಸಿಲು ನೇರವಾಗಿ ಆ ಲೆನ್ಸ್ ಮೇಲೆ ಬಿದ್ದರೆ ಭೂತಗನ್ನಡಿಯಿಂದ ಕಾಗದ ಸುಟ್ಟ ಹಾಗೆ ಪರದೆ ಸುಡುತ್ತದೆ. ಇದಕ್ಕೆ ಹೆಚ್ಚು ಹೊತ್ತೇನೂ ಬೇಡ. ಲೆನ್ಸ್‌ಗೆ ಬಿಸಿಲು ತಾಕಿಸಬೇಡಿ ಎಂದು ಅದರ ಜೊತೆ ಬರುವ ಪುಸ್ತಕದಲ್ಲೇ ಎಚ್ಚರಿಕೆ ಇದೆ. ಕಿಟಕಿ ಪಕ್ಕದ ಮೇಜು, ಕಾರಿನ ಹಿಂದಿನ ಸೀಟು, ಇಂಥ ಕಡೆ ಲೆನ್ಸ್ ಮೇಲಾಗಿಟ್ಟರೆ ಸಾಕು. ಒಮ್ಮೆ ಸುಟ್ಟರೆ ಒರೆಸಿ ತೆಗೆಯುವ ಹಾಗಿಲ್ಲ.

ಹಾಗಾಗಿ ನೋಡಲು ಹೋದಾಗ ಪಿಎಸ್5ನಲ್ಲಿ ಯೂಟ್ಯೂಬ್ ತೆರೆಸಿ, ಪೂರ್ತಿ ಬಿಳಿ ಇರುವ ವಿಡಿಯೋ ಹಾಕಿಸಿ. ಹೆಡ್‌ಸೆಟ್ ಹಾಕಿಕೊಂಡರೆ ಅದು ಎದುರಿಗೆ ದೊಡ್ಡ ಪರದೆಯಂತೆ ಕಾಣುತ್ತದೆ. ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದು. ತಲೆಯನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿ, ಆಗ ಅಂಚುಗಳೂ ತಿಳಿಯುತ್ತವೆ. ಪರದೆ ತುಂಬಾ ಸಣ್ಣ ಮರಳಿನಂಥ ಒರಟುತನ ಕಂಡರೆ ಹೆದರಬೇಡಿ. ಅದಕ್ಕೆ ಮುರಾ ಎನ್ನುತ್ತಾರೆ, ಹೊಸದರಲ್ಲೂ ಇರುತ್ತದೆ. ಚಿತ್ರ ಮಸುಕಾಗಿದೆ ಅಂತಲೂ ತಕ್ಷಣ ಬೇಡ ಎನ್ನಬೇಡಿ. ಇದರ ಲೆನ್ಸ್‌ನಲ್ಲಿ ನಡುವಿನ ಸ್ವಲ್ಪ ಜಾಗ ಮಾತ್ರ ತುಂಬಾ ಸ್ಪಷ್ಟ. ಹೆಡ್‌ಸೆಟ್ ಒಂಚೂರು ಮೇಲೆ ಕೆಳಗೆ ಆದರೂ ಮಸುಕು ಬರುತ್ತದೆ. ತಲೆ ತಿರುಗಿಸಿದರೂ ಕಣ್ಣೆದುರು ಒಂದೇ ಜಾಗದಲ್ಲಿ ಕೂತಿರುವ ಚುಕ್ಕೆ ಅಥವಾ ಗೆರೆ ಕಂಡರೆ ಮಾತ್ರ ಎದ್ದು ಬನ್ನಿ, ಬೆಲೆ ಎಷ್ಟೇ ಇಳಿಸಲಿ. ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗಳ ಸ್ಟಿಕ್ ಮುಟ್ಟದಿದ್ದರೂ ಆಟದಲ್ಲಿ ತಾನಾಗೇ ಚಲನೆ ಆಗುತ್ತದಾ ಅನ್ನುವುದನ್ನೂ ನೋಡಿ.

ಇನ್ನೊಂದು ಮೋಸ ಡಿಸ್ಕ್‌ಗಳದ್ದು. "ವಿಆರ್ ಆಟಗಳು ಫ್ರೀ" ಎಂದು ಹಳೆಯ ಡಿಸ್ಕ್‌ಗಳ ಕಟ್ಟೊಂದನ್ನು ಕೊಟ್ಟಿದ್ದರು. ಎಲ್ಲವೂ 2016ರಲ್ಲಿ ಬಂದ ಮೊದಲನೇ ಪಿಎಸ್ ವಿಆರ್‌ನವು. ಆ ಆಟಗಳು ಹೊಸ ಹೆಡ್‌ಸೆಟ್‌ನಲ್ಲಿ ನಡೆಯುವುದಿಲ್ಲ. ಆಟ ಮಾಡಿದವರೇ ವಿಆರ್2ಗೆ ಬೇರೆ ಆವೃತ್ತಿ ತಂದಿದ್ದರಷ್ಟೇ ಆಡಬಹುದು. ಆದ್ದರಿಂದ ಡಿಸ್ಕ್ ಕವರ್ ಮೇಲೆ ಪಿಎಸ್ ವಿಆರ್2 ಎಂದು ಬರೆದಿದೆಯಾ ನೋಡಿ. ಬರೀ ಪಿಎಸ್ ವಿಆರ್ ಎಂದಿದ್ದರೆ ನಿಮಗೆ ಉಪಯೋಗವಿಲ್ಲ.

ಹೊಸದನ್ನೇ ತಗೊಂಡರೆ ಹೇಗೆ ಅಂತ ಕೇಳುವವರಿಗೆ ನನ್ನ ಅಭಿಪ್ರಾಯ: ಕಾರ್ ರೇಸಿನ ಹುಚ್ಚಿದ್ದರೆ ತಗೊಳ್ಳಿ. ಗ್ರಾನ್ ಟುರಿಸ್ಮೊದಲ್ಲಿ ಕಾರಿನೊಳಗೆ ಕೂತು ತಿರುವಿನ ಕಡೆ ಕತ್ತು ಹೊರಳಿಸುವ ಖುಷಿ ಟಿವಿಯಲ್ಲಿ ಸಿಗುವುದೇ ಇಲ್ಲ. ಎರಡು ರೆಸಿಡೆಂಟ್ ಈವಿಲ್, ನೋ ಮ್ಯಾನ್ಸ್ ಸ್ಕೈ, ಹೊರೈಜನ್ ಕಾಲ್ ಆಫ್ ದಿ ಮೌಂಟನ್, ಇವೂ ಒಳ್ಳೆಯವು. ಆದರೆ ಇಷ್ಟು ದೊಡ್ಡ ಆಟಗಳು ಆಮೇಲೆ ಸಾಲಾಗಿ ಬರಲಿಲ್ಲ. ಹಿಂದೆ ವಿಆರ್ ಆಟಗಳನ್ನು ಮಾಡಿದ್ದ ತನ್ನದೇ ಲಂಡನ್ ಸ್ಟುಡಿಯೋವನ್ನು ಸೋನಿ 2024ರಲ್ಲಿ ಮುಚ್ಚಿತು. ಮುಂದೆ ಏನೋ ಬರುತ್ತದೆ ಎಂಬ ಭರವಸೆಯ ಮೇಲೆ ದುಡ್ಡು ಹಾಕಬೇಡಿ. ಈಗ ಇರುವ ಆಟಗಳಿಗೆ ಅಷ್ಟು ಕೊಡಬಹುದಾ ಎಂದು ಮಾತ್ರ ಯೋಚಿಸಿ.

ಜಾಗವನ್ನೂ ಅಳೆದುಕೊಳ್ಳಿ. ಓಡಾಡಿಕೊಂಡು ಆಡಲು ಕನಿಷ್ಠ 2 ಮೀಟರ್ ಉದ್ದ, 2 ಮೀಟರ್ ಅಗಲ ಬೇಕು. ಬಾಡಿಗೆ ಮನೆಯ ಹಾಲ್‌ನಲ್ಲಿ ಸೋಫಾ, ಟೀಪಾಯ್ ಸರಿಸಿದರೂ ಅಷ್ಟು ಸಿಗುವುದು ಕಷ್ಟ. ಸೀಲಿಂಗ್ ತಗ್ಗಿದ್ದರೆ ಫ್ಯಾನ್ ಆರಿಸಿಯೇ ಆಡಿ, ಕೈ ಮೇಲೆತ್ತುವ ಆಟಗಳು ಬಹಳ ಇವೆ. ನಾಲ್ಕೂವರೆ ಮೀಟರ್ ವೈರ್ ಬೇರೆ ಕಾಲಿಗೆ ಸುತ್ತಿಕೊಳ್ಳುತ್ತದೆ.

ತಲೆಸುತ್ತಿನ ಮಾತನ್ನು ಅಂಗಡಿಯವರು ಯಾರೂ ಎತ್ತುವುದಿಲ್ಲ. ಕಣ್ಣಿಗೆ ಓಡುತ್ತಿರುವಂತೆ ಕಾಣುತ್ತದೆ, ಒಳಗಿವಿಗೆ ಮಾತ್ರ ಕೂತಲ್ಲೇ ಇದ್ದೇವೆ ಎಂದು ಗೊತ್ತಿರುತ್ತದೆ. ಆ ಗೊಂದಲಕ್ಕೆ ಕೆಲವರಿಗೆ ವಾಂತಿಯೇ ಬರುತ್ತದೆ. ನಮ್ಮ ಅತ್ತಿಗೆ ಒಂದು ರೇಸು ಮುಗಿಸುವ ಮುಂಚೆಯೇ ತೆಗೆದಿಟ್ಟು ಮಲಗಿಬಿಟ್ಟರು. ಮನೆಯಲ್ಲಿ ಯಾರಿಗೆ ಬಸ್ ಪ್ರಯಾಣ ಆಗುವುದಿಲ್ಲವೋ ಅವರು ಮೊದಲು ಬೇರೆಯವರ ಹತ್ತಿರ ಹಾಕಿ ನೋಡುವುದು ಒಳ್ಳೆಯದು. 12 ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡಬಾರದು ಎಂದು ಸೋನಿಯೇ ಹೇಳಿದೆ. ಮಕ್ಕಳಿಗೆಂದೇ ಕೊಳ್ಳುವವರು ಇದನ್ನು ದಯವಿಟ್ಟು ಗಮನಿಸಿ.

"ಇದು ಕಂಪ್ಯೂಟರ್‌ಗೂ ಆಗುತ್ತೆ" ಎಂದೂ ಹೇಳಿ ಮಾರುತ್ತಾರೆ. ಅದು ಅರ್ಧ ನಿಜ. 2024ರ ಆಗಸ್ಟ್‌ನಲ್ಲಿ ಬಂದ ಅಡಾಪ್ಟರ್ ಅನ್ನು ಬೇರೆಯಾಗಿ ಕೊಳ್ಳಬೇಕು. ಡಿಸ್‌ಪ್ಲೇಪೋರ್ಟ್ ಕೇಬಲ್ (ಕಂಪ್ಯೂಟರ್‌ನಿಂದ ಚಿತ್ರ ತರಲು ಬೇಕಾದದ್ದು) ಅದರ ಜೊತೆ ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ ಕಣ್ಣಿನ ಚಲನೆ ಗುರುತಿಸುವುದು, ಎಚ್‌ಡಿಆರ್ (ಬೆಳಕು, ಕತ್ತಲೆಯ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುವ ವ್ಯವಸ್ಥೆ), ಹೆಡ್‌ಸೆಟ್‌ನ ಕಂಪನ ಯಾವುದೂ ಇರುವುದಿಲ್ಲ. ಎಚ್‌ಡಿಎಂಐ ಮಾತ್ರ ಇರುವ ಲ್ಯಾಪ್‌ಟಾಪ್‌ಗೆ ಇದು ಹೊಂದುವುದಿಲ್ಲ. ಮುಂಗಡ ಕೊಡುವ ಮುಂಚೆ ನಿಮ್ಮ ಲ್ಯಾಪ್‌ಟಾಪ್ ತಿರುಗಿಸಿ ಯಾವ ಪೋರ್ಟ್ ಇದೆ ಎಂದು ನೋಡಿಕೊಳ್ಳಿ.