ಸಾದಾ, ರಿಕರ್ಸಿವ್, ಎರರ್‌ಚೆಕ್: ಯಾವ ಲಾಕ್ ಎಲ್ಲಿಗೆ?

ಒಂದೇ ಪ್ರೋಗ್ರಾಂನಲ್ಲಿ ಜೊತೆಜೊತೆಗೆ ಓಡುವ ಕೆಲಸದ ಎಳೆಗಳೇ ಥ್ರೆಡ್‌ಗಳು; ಹಂಚಿಕೊಂಡ ಡೇಟಾವನ್ನು ಒಮ್ಮೆಗೆ ಒಂದೇ ಥ್ರೆಡ್ ಮುಟ್ಟಲೆಂದು ಲಾಕ್ ಇಡುತ್ತೇವೆ. ಲಾಕ್ ಹಿಡಿದಿರುವ ಥ್ರೆಡ್ಡೇ ಅದೇ ಲಾಕನ್ನು ಮತ್ತೆ ಕೇಳಿದರೆ? ಲಿನಕ್ಸ್‌ನ ಪಿಥ್ರೆಡ್ (ಥ್ರೆಡ್ ಲೈಬ್ರರಿ) ಕೊಡುವ ಮ್ಯೂಟೆಕ್ಸ್‌ಗಳು, ಅಂದರೆ ಇಂಥ ಲಾಕ್‌ಗಳು, ಬೇರೆಯಾಗುವುದು ಇಲ್ಲೇ. ಸಾದಾ ಮ್ಯೂಟೆಕ್ಸ್ ಆದರೆ ಥ್ರೆಡ್ ಅಲ್ಲೇ ನಿಂತುಬಿಡುತ್ತದೆ. ರಿಕರ್ಸಿವ್ ಆದರೆ ಎಷ್ಟು ಸಲ ಹಿಡಿದಿದೆ ಎಂಬ ಎಣಿಕೆ 2ಕ್ಕೆ ಏರಿ ಕೆಲಸ ಮುಂದುವರಿಯುತ್ತದೆ. ಹಿಡಿದಷ್ಟು ಸಲ ಬಿಟ್ಟ ಮೇಲೆಯೇ ಬೇರೆ ಥ್ರೆಡ್‌ಗಳ ಪಾಳಿ. ಎರರ್‌ಚೆಕ್ ಆದರೆ ಇಡೆಡ್‌ಎಲ್‌ಕೆ (EDEADLK) ಎಂಬ ಎರರ್ ವಾಪಸ್ ಬರುತ್ತದೆ, ಲಿನಕ್ಸ್‌ನಲ್ಲಿ ಅದರ ಸಂಖ್ಯೆ 35.

ಮೂರನ್ನೂ ಒಂದೇ ಕೋಡಿಗೆ ಹಾಕಿ ನೋಡಿ. ಹಣ ವರ್ಗಾಯಿಸುವ ಫಂಕ್ಷನ್ ಲಾಕ್ ಹಿಡಿದು ಒಂದು ಖಾತೆಯಿಂದ 500 ಕಳೆಯುತ್ತದೆ, ಕಾಲ್‌ಬ್ಯಾಕ್ (ನಡುವೆ ಕರೆಯಲೆಂದು ಹೊರಗಿನಿಂದ ಕೊಟ್ಟ ಫಂಕ್ಷನ್) ಕರೆಯುತ್ತದೆ, ಆಮೇಲೆ ಇನ್ನೊಂದು ಖಾತೆಗೆ 500 ಕೂಡಿಸುತ್ತದೆ. ಕಾಲ್‌ಬ್ಯಾಕ್ ಕರೆಯುವುದು ಒಟ್ಟು ಮೊತ್ತ ಓದುವ ಫಂಕ್ಷನ್ನನ್ನು. ಅದೂ ಅದೇ ಲಾಕ್ ಕೇಳುತ್ತದೆ. ರಿಕರ್ಸಿವ್ ಲಾಕಿನಲ್ಲಿ ಪ್ರೋಗ್ರಾಂ ಸರಾಗವಾಗಿ ಓಡುತ್ತದೆ, ಮೊತ್ತ ಮಾತ್ರ 500 ಕಡಿಮೆ. ಎರರೂ ಇಲ್ಲ, ಕ್ರ್ಯಾಶೂ ಇಲ್ಲ. ಲಾಕ್ ಸಿಕ್ಕಿದರೆ ಡೇಟಾ ಸರಿಯಿದೆ ಎಂದು ನಂಬಿಯೇ ಕೋಡ್ ಬರೆದಿರುತ್ತೇವೆ; ಆ ನಂಬಿಕೆಯೇ ಇಲ್ಲಿ ಮುರಿಯಿತು. ಸಾದಾ ಲಾಕಿನಲ್ಲಿ ಪ್ರೋಗ್ರಾಂ ನಿಲ್ಲುತ್ತದೆ. ಜಿಡಿಬಿ ಎಂಬ ಡಿಬಗ್ಗರ್ ಹಚ್ಚಿ ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆದಿದೆ ಎಂಬ ಪಟ್ಟಿ) ತೆಗೆದರೆ ಎರಡೂ ಫಂಕ್ಷನ್ ಒಂದೇ ಸ್ಟ್ಯಾಕಿನಲ್ಲಿ ಮೇಲೆ ಕೆಳಗೆ ಕೂತಿರುತ್ತವೆ. ನಮ್ಮ ಮಟ್ಟಿಗೆ ಹೀಗೆ ನಿಲ್ಲುವುದೇ ಉಪಕಾರ.

ಎರರ್‌ಚೆಕ್ ಟೆಸ್ಟಿಂಗ್‌ಗೆ ಬಲು ಒಳ್ಳೆಯದು, ಆದರೆ ಲಾಕ್ ಕರೆಯ ಉತ್ತರವನ್ನು ನೋಡಲೇಬೇಕು. ನೋಡದಿದ್ದರೆ ಒಳಗಿನ ಲಾಕ್ ಸೋಲುತ್ತದೆ, ಒಳಗಿನ ಅನ್‌ಲಾಕ್ ಗೆಲ್ಲುತ್ತದೆ; ಹೊರಗಿನ ಫಂಕ್ಷನ್ ಗೊತ್ತಿಲ್ಲದೆಯೇ ಲಾಕ್ ಕಳೆದುಕೊಳ್ಳುತ್ತದೆ.

ಬೇರೆ ಥ್ರೆಡ್ ಸಿಗ್ನಲ್ ಕೊಡುವವರೆಗೆ ಲಾಕ್ ಬಿಟ್ಟು ಕಾಯಲು (ವೇಟ್) ಇರುವುದು ಕಂಡಿಷನ್ ವೇರಿಯೇಬಲ್. ಅದರ ಜೊತೆ ರಿಕರ್ಸಿವ್ ಲಾಕ್ ಬೇಡವೇ ಬೇಡ. ಎರಡು ಸಲ ಹಿಡಿದು ವೇಟ್ ಕರೆದರೆ ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) ಒಂದು ಎಣಿಕೆಯನ್ನಷ್ಟೇ ಇಳಿಸುತ್ತದೆ. ಸಿಗ್ನಲ್ ಕೊಡಬೇಕಾದ ಥ್ರೆಡ್‌ಗೆ ಲಾಕ್ ಸಿಗುವುದೇ ಇಲ್ಲ. ಜಾವಾದ ವೇಟ್ ಎಲ್ಲ ಎಣಿಕೆಯನ್ನೂ ಬಿಡುತ್ತದೆ ನಿಜ. ಆದರೆ ಹೊರಗಿನ ಫಂಕ್ಷನ್ ‘ಲಾಕ್ ನನ್ನ ಕೈಯಲ್ಲೇ ಇತ್ತು’ ಎಂದುಕೊಂಡಿರುವಾಗ ಡೇಟಾ ಬದಲಾಗಿರಬಹುದು.

ಹೊಸ ಕೋಡಿಗೆ ಸಾದಾ ಲಾಕೇ ಸಾಕು. ಪಬ್ಲಿಕ್ ಫಂಕ್ಷನ್‌ಗಳು ಲಾಕ್ ಹಿಡಿಯಲಿ. ಅವು ಕರೆಯುವ ಪ್ರೈವೇಟ್ ಫಂಕ್ಷನ್‌ಗಳು ಲಾಕ್ ಮುಟ್ಟದಿರಲಿ, ಅವುಗಳ ಹೆಸರಿಗೆ ‘ಲಾಕ್ಡ್’ ಎಂದು ಬಾಲ ಸೇರಿಸಿ. ಕಾಲ್‌ಬ್ಯಾಕ್ ಕರೆಯುವುದು ಎರಡೂ ಖಾತೆ ಬದಲಾಗಿ, ಅನ್‌ಲಾಕ್ ಆದ ಮೇಲೆ. ರಿಕರ್ಸಿವ್‌ಗೂ ತಕ್ಕ ಜಾಗವಿದೆ: ಸಿ ಲೈಬ್ರರಿಯ ಫ್ಲಾಕ್‌ಫೈಲ್, ಅಂದರೆ ಔಟ್‌ಪುಟ್ ಹರಿಯುವ ಸ್ಟ್ರೀಮಿಗೆ ಲಾಕ್ ಹಾಕುವ ಫಂಕ್ಷನ್. ಹಲವು ಪ್ರಿಂಟ್‌ಎಫ್‌ಗಳ (ಮುದ್ರಿಸುವ ಕರೆಗಳ) ಔಟ್‌ಪುಟ್ ಒಟ್ಟಿಗೇ ಬರಲೆಂದು ನೀವು ಸ್ಟ್ರೀಮಿಗೆ ಲಾಕ್ ಹಾಕುತ್ತೀರಿ, ಪ್ರತಿ ಪ್ರಿಂಟ್‌ಎಫ್ ಒಳಗೂ ಅದೇ ಲಾಕ್ ಕೇಳುತ್ತದೆ. ಅಲ್ಲಿ ಎಣಿಕೆ ಇಲ್ಲದೆ ನಡೆಯುವುದಿಲ್ಲ.