ಮೋರಿಸ್ ಮೈನರ್‌ಗೆ 88 ಡಿಗ್ರಿ ಥರ್ಮೋಸ್ಟಾಟ್: ಚಳಿಗಾಲಕ್ಕೆ ಒಳ್ಳೆಯ ಖರೀದಿ

ಬ್ರಿಟನ್ನಿನ ಚಳಿಯಲ್ಲಿ ಹಳೇ ಬ್ರಿಟಿಷ್ ಕಾರು ಮೋರಿಸ್ ಮೈನರ್ 1000ರ ಹೀಟರ್ ತಣ್ಣನೆ ಗಾಳಿಯನ್ನೇ ಊದುತ್ತಿದ್ದರೆ, ಆಯಿಲ್ ಮುಚ್ಚಳದಡಿ ಬಿಳಿ ನೊರೆ ಕಟ್ಟಿದ್ದರೆ ಮೊದಲು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲಷ್ಟೇ ನೀರನ್ನು ರೇಡಿಯೇಟರ್‌ಗೆ ಬಿಡುವ ಕವಾಟ) ನೋಡಿ. ಈ ಕಾರಿನ ಎ-ಸೀರೀಸ್ ಎಂಜಿನ್‌ಗೆ 74, 82, 88 ಡಿಗ್ರಿಗೆ ತೆರೆಯುವಂಥವು ಸಿಗುತ್ತವೆ. ಚಳಿಗೆ 88ರದ್ದೇ ಸರಿ. ಬೆಲೆ ಅಲ್ಪ, ಕೆಲಸವೂ ಸಲೀಸು, ಥರ್ಮೋಸ್ಟಾಟ್ ಮೇಲಿನ ಮುಚ್ಚಳವನ್ನು ಹಿಡಿದಿಡುವ ಸ್ಟಡ್‌ಗಳು (ತಲೆಯಿಲ್ಲದ ಬೋಲ್ಟ್‌ಗಳು) ತುಕ್ಕು ಹಿಡಿದಿರದಿದ್ದರೆ! ಹಿಂದಿನ ದಿನವೇ ಮೂರೂ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಒತ್ತಾಯ ಮಾಡಿದರೆ ಸ್ಟಡ್ ಮುರಿದು ಎಂಜಿನ್ನಿನ ಹೆಡ್ಡಿನಲ್ಲೇ (ಮೇಲ್ಭಾಗದಲ್ಲೇ) ಉಳಿಯುತ್ತದೆ. ಹೊಸ ಥರ್ಮೋಸ್ಟಾಟ್ ಕೂರಿಸುವ ಮುನ್ನ ಅದನ್ನು ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು, ನೀರು ಕಾಯಿಸುತ್ತಾ ಎಷ್ಟು ಡಿಗ್ರಿಗೆ ತೆರೆಯುತ್ತದೆಂದು ಅಳೆಯಿರಿ. ಸ್ಪ್ರಿಂಗ್ ಬದಿ ಎಂಜಿನ್ ಕಡೆಗಿರಲಿ, ಗ್ಯಾಸ್ಕೆಟ್ ಹೊಸದಾಗಿರಲಿ. ಎಂಜಿನ್ ಬೆಚ್ಚಗಿಡಲು ರೇಡಿಯೇಟರ್ ಮುಂದೆ ರಟ್ಟು ಕಟ್ಟುವ ಹಳೇ ಉಪಾಯ ಅಗ್ಗವೇನೋ ಹೌದು, ಆದರೆ ತೆಗೆಯಲು ಮರೆತು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ನೀರು ಕುದಿಯುತ್ತದೆ. ಬೇಸಿಗೆಗೆ 82ರದ್ದನ್ನು ಮರಳಿ ಹಾಕಿ.