ಅರ್ಕಾವತ್ತು ಉಳಿಸಿದ ಅಂಗಡಿ

ವಿಜ್ಞಾನ ದಿನಕ್ಕೆಂದು ವಿಜ್ಞಾನಿ ಸತೀಶ್ ಧವನ್ ಅವರ ಭಿತ್ತಿಪತ್ರವನ್ನು ಶಿರಸಿಯ ಹಳೇ ಬಸ್ ನಿಲ್ದಾಣದ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದೆ. ಬರಹವನ್ನು ‘ನುಡಿ’ ತಂತ್ರಾಂಶದ ಅಕ್ಷರಗಳಿಂದ ಯೂನಿಕೋಡ್‌ಗೆ ಬದಲಿಸುವಾಗ ‘ನಿರ್ದೇಶಕ’ ಪದದ ಅರ್ಕಾವತ್ತು ಕಳಚಿಹೋಗಿತ್ತು. ನಾನು ಗಮನಿಸಿರಲಿಲ್ಲ. ಅಂಗಡಿಯ ಅಕ್ಕನವರೇ ಕಂಡುಹಿಡಿದು, “ಮಾಸ್ತರೇ, ಮಕ್ಕಳು ಓದುವುದಲ್ಲವೇ?” ಎನ್ನುತ್ತಾ ತಿದ್ದಿದರು.

1972ರಿಂದ 1981ರವರೆಗೆ ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ ಎರಡನ್ನೂ ಒಟ್ಟಿಗೇ ಮುನ್ನಡೆಸಿದವರು ಧವನ್. 1979ರಲ್ಲಿ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರೆದುರು ತಾವೇ ನಿಂತರು. 1980ರಲ್ಲಿ ಗೆದ್ದಾಗ ಆ ಯೋಜನೆಯ ನಿರ್ದೇಶಕ ಕಲಾಂ ಅವರನ್ನು ಮುಂದೆ ಕಳುಹಿಸಿದರು. ಈ ಸಾಲನ್ನು ದಪ್ಪಕ್ಷರದಲ್ಲಿ ಹಾಕೋಣ ಎಂದವರೂ ಆ ಅಕ್ಕನೇ.

ಫೋಟೊ ತುಸು ಕಪ್ಪಾಗಿದೆ. ಲ್ಯಾಮಿನೇಷನ್‌ನಲ್ಲಿ ಮಾತ್ರ ಒಂದು ಗುಳ್ಳೆಯೂ ಇಲ್ಲ. ಸಂಜೆ ವಿಪರೀತ ಜನ, ಬೆಳಿಗ್ಗೆಯೇ ಹೋಗಿ.